ಹೋತಾದಿಂದ ಕಮಾರಿನ್‌ಸ್ಕಯಾವರೆಗೆ: ರಷ್ಯದ ಸಂಗೀತದೊಳಗಿನ ಸ್ಪೇನ್

ರಷ್ಯದ ಶಾಸ್ತ್ರೀಯ ಸಂಗೀತವನ್ನು ಕುರಿತ ಚರ್ಚೆಯಲ್ಲಿ ಸ್ಪೇನಿನ ಹೆಸರು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಬಣ್ಣದ ಮಾತು ಬಂದಾಗ. ಬ್ಯಾಲೆಯ ನಡುವೆ ಬರುವ ಒಂದು ಸ್ಪ್ಯಾನಿಷ್ ಕುಣಿತ, ವಾದ್ಯವೃಂದದಲ್ಲಿ ಕೇಳಿಸುವ ಕ್ಯಾಸ್ಟನೆಟ್‌ಗಳ ಸದ್ದು, ಗಿಟಾರನ್ನು ಹೋಲುವಂತೆ ಮೀಟಿದ ಪಿಟೀಲು, ಇಷ್ಟನ್ನು ಹೇಳಿ ಮುಂದೆ ಸಾಗುವುದು ರೂಢಿ. ಆದರೆ ಕೃತಿಗಳು ಹುಟ್ಟಿದ ಕಾಲಕ್ರಮವನ್ನು ಗಮನವಿಟ್ಟು ನೋಡಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಜನಪದ ಧಾಟಿಯೊಂದನ್ನೇ ಹಿಡಿದು, ಹಾಡುಗಾರರಿಲ್ಲದೆ, ವಾದ್ಯವೃಂದಕ್ಕಾಗಿಯೇ ಒಂದು ಪೂರ್ಣ ಕೃತಿಯನ್ನು ಕಟ್ಟುವ ಕೆಲಸವನ್ನು ಮಿಖಾಯಿಲ್ ಗ್ಲಿಂಕಾ ಪರಿಪಕ್ವವಾಗಿ ಮಾಡಿದ್ದು ಮೊದಲು ಸ್ಪೇನಿನ ಧಾಟಿಯ ಮೇಲೆ, 1845ರಲ್ಲಿ. ರಷ್ಯದ ಧಾಟಿಯ ಮೇಲೆ ಅದೇ ಕೆಲಸವನ್ನು ಆತ ಮಾಡಿದ್ದು ಮೂರು ವರ್ಷಗಳ ಅನಂತರ. ರಷ್ಯದ ವಾದ್ಯವೃಂದ ಸಂಗೀತ ತನ್ನ ಸ್ವಂತ ದನಿಯನ್ನು ಕಂಡುಕೊಂಡ ದಾರಿ ಸ್ಪೇನಿನ ಮೂಲಕ ಹಾದುಹೋಯಿತು ಎಂಬುದೇ ಈ ಉಪನ್ಯಾಸದ ಪ್ರತಿಪಾದನೆ.

ನಂದಿ ಸೀಮೆಯ ಕೇಳುಗರಿಗೆ ಈ ವಿಷಯ ಹೊರಗಿನದೆಂದು ತೋರಬೇಕಾಗಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣರು, ಅಂದರೆ ಜನರ ಬಾಯಲ್ಲಿ ಕೈವಾರ ತಾತಯ್ಯನವರು, ತೆಲುಗು ಕನ್ನಡಗಳೆರಡರಲ್ಲೂ ಕೀರ್ತನೆಗಳನ್ನು ರಚಿಸಿದರು. ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವದಲ್ಲಾಗಲಿ, ಗೌರಿಬಿದನೂರು ಚಿಂತಾಮಣಿಗಳ ಭಜನಾ ಮಂದಿರಗಳಲ್ಲಾಗಲಿ, ತೆಲುಗು ಪದದ ಹಿಂದೆಯೇ ಕನ್ನಡ ಪದ ಬಂದರೆ ಯಾರಿಗೂ ಅದು ಪರಕೀಯವೆನಿಸುವುದಿಲ್ಲ. ಒಂದು ನಾಡಿನ ಹಾಡಿಕೆ ಇನ್ನೊಂದು ನಾಡಿನ ಹಾಡಿಕೆಯೊಳಗೆ ಬೇರುಬಿಡುವುದು ಹೇಗೆ ಎಂಬುದನ್ನು ಈ ಸೀಮೆ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಇಲ್ಲಿಯ ಸಂಬಂಧ ನೆರೆಹೊರೆಯದು, ರಷ್ಯ ಮತ್ತು ಸ್ಪೇನುಗಳದು ಇಡೀ ಯೂರೋಪನ್ನು ದಾಟಿದ್ದು ಎಂಬ ವ್ಯತ್ಯಾಸ ಮಾತ್ರ ದೊಡ್ಡದು, ಮತ್ತು ಆ ವ್ಯತ್ಯಾಸವೇ ಈ ಕಥನವನ್ನು ಸ್ವಾರಸ್ಯಕರವಾಗಿ ಮಾಡುತ್ತದೆ. ಇದಲ್ಲದೆ ಈ ಕಥನದ ಒಂದು ಎಳೆ ಮೈಸೂರಿನ ಅರಮನೆಗೂ ಬಂದು ಸೇರುತ್ತದೆ. ಅದರ ವಿವರ ಕೊನೆಯಲ್ಲಿದೆ.

ಸ್ಪೇನ್ ರಷ್ಯಕ್ಕೆ ಮೊದಲು ಬಂದದ್ದು ಕಾವ್ಯದ ಮೂಲಕ. ರಷ್ಯದ ಗಡಿಯನ್ನೇ ದಾಟದ ಅಲೆಕ್ಸಾಂಡರ್ ಪುಷ್ಕಿನ್ ಕವಿ ಗ್ವಾದಲ್ಕಿವಿರ್ ನದಿಯ ಇರುಳನ್ನೂ, ಇನೆಸಿಲ್ಯಾ ಎಂಬ ಹೆಣ್ಣಿನ ಕಿಟಕಿಯಡಿ ನಿಂತ ಪ್ರೇಮಿಯನ್ನೂ ಕವಿತೆಗಳಲ್ಲಿ ಚಿತ್ರಿಸಿದ್ದ. ಡಾನ್ ಹ್ವಾನನ ಕಥೆಯನ್ನು ಆಧರಿಸಿ ‘ಕಲ್ಲಿನ ಅತಿಥಿ’ ಎಂಬ ಪುಟ್ಟ ನಾಟಕವನ್ನೂ ಬರೆದಿದ್ದ. ಈ ಕವಿತೆಗಳಿಗೆ ಗ್ಲಿಂಕಾ ಸ್ಪೇನನ್ನು ಕಾಣುವ ಮೊದಲೇ ರಾಗ ಹಾಕಿದ್ದ. ಅವು ಸೊಗಸಾದ ಹಾಡುಗಳೇ ಆದರೂ ಅವುಗಳಲ್ಲಿರುವ ಸ್ಪೇನ್ ಕಲ್ಪನೆಯದು. ಪೀಟರ್ಸ್‌ಬರ್ಗಿನ ದಿವಾನಖಾನೆಗಳಲ್ಲಿ ಪಿಯಾನೊ ಪಕ್ಕದಲ್ಲಿ ನಿಂತು ಹಾಡುವುದಕ್ಕೆ ಒಪ್ಪುವಂಥದು.

1804ರಲ್ಲಿ ಸ್ಮೊಲೆನ್ಸ್ಕ್ ಪ್ರಾಂತ್ಯದ ಜಮೀನ್ದಾರ ಮನೆತನದಲ್ಲಿ ಹುಟ್ಟಿದ ಗ್ಲಿಂಕಾನ ಎರಡನೆಯ ಆಪೆರಾ ‘ರೂಸ್ಲಾನ್ ಮತ್ತು ಲುಡ್ಮಿಲಾ’ 1842ರಲ್ಲಿ ರಂಗಕ್ಕೆ ಬಂದಾಗ ಸಿಕ್ಕ ಸ್ವಾಗತ ತಣ್ಣಗಿನದು. ಅದರಿಂದ ನೊಂದ ಆತ 1844ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿ ಫ್ರೆಂಚ್ ರಚನಕಾರ ಬೆರ್ಲಿಯೊಜ್‌ನ ವಾದ್ಯವೃಂದ ರಚನೆಗಳನ್ನು ಆಳವಾಗಿ ಅಭ್ಯಾಸ ಮಾಡಿದ. ಪಂಡಿತರಿಗೂ ಸಾಮಾನ್ಯ ಕೇಳುಗರಿಗೂ ಸಮಾನವಾಗಿ ರುಚಿಸುವ, ಚಿತ್ರದಂತೆ ಕಣ್ಣಿಗೆ ಕಟ್ಟುವ ವಾದ್ಯವೃಂದ ಕಲ್ಪನೆಗಳನ್ನು ರಚಿಸಬೇಕು, ಅದಕ್ಕೆ ಸ್ಪೇನಿನ ಧಾಟಿಗಳು ನೆರವಾಗುತ್ತವೆ ಎಂಬ ಆಶಯವನ್ನು ಆತ 1845ರಲ್ಲಿ ಪ್ಯಾರಿಸ್ಸಿನಿಂದ ಗೆಳೆಯನಿಗೆ ಬರೆದ ಕಾಗದದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಆದ್ದರಿಂದ ಅದೇ ವರ್ಷದ ಮೇ ತಿಂಗಳಲ್ಲಿ ಆರಂಭವಾಗಿ ಎರಡು ವರ್ಷ ನಡೆದ ಸ್ಪೇನ್ ವಾಸವನ್ನು ಕೇವಲ ಪ್ರವಾಸವೆನ್ನುವಂತಿಲ್ಲ; ಅದು ಕಲಿಯುವುದಕ್ಕೆಂದು ಹೊರಟ ಪಯಣ. ಆತ ಸ್ಪ್ಯಾನಿಷ್ ಭಾಷೆ ಕಲಿತ. ಗುರುವನ್ನಿಟ್ಟುಕೊಂಡು ಅಲ್ಲಿನ ಕುಣಿತವನ್ನೂ ಅಭ್ಯಾಸ ಮಾಡಿದ. ಕಾಲು ಮಾತು ಕೇಳಿತು, ಕ್ಯಾಸ್ಟನೆಟ್ ಮಾತ್ರ ಕೈಗೆ ಹತ್ತಲಿಲ್ಲ ಎಂಬರ್ಥದ ಮಾತು ಆತನ ಆತ್ಮಕಥನದಲ್ಲಿದೆ. ಆಂಧ್ರದ ಗಡಿಗೆ ತಾಗಿದ ಊರುಗಳಲ್ಲಿ ಚೆಕ್ಕಭಜನೆಯ ಚೆಕ್ಕೆಗಳನ್ನು ಕಂಡವರಿಗೆ, ಅಂಗೈಯೊಳಗೆ ಹಿಡಿದು ಬಡಿಯುವ ಈ ಜೋಡಿ ಮರದ ಬಿಲ್ಲೆಗಳು ಎಷ್ಟು ಪಳಗಿದ ಕೈಯನ್ನು ಬೇಡುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಲ್ಲಾದೊಲಿದ್ ಪಟ್ಟಣದಲ್ಲಿ ಫೆಲಿಕ್ಸ್ ಕಾಸ್ತಿಯಾ ಎಂಬ ಗಿಟಾರ್ ವಾದಕ ನುಡಿಸಿದ ಅರಗಾನ್ ಪ್ರಾಂತ್ಯದ ಹೋತಾ ಗ್ಲಿಂಕಾನ ಕಿವಿಯಲ್ಲಿ ನಿಂತಿತು. ಹೋತಾ ಎಂಬುದು ಮೂರು ಎಣಿಕೆಯ ಚುರುಕಾದ ನಡೆಯುಳ್ಳ ಕುಣಿತದ ಧಾಟಿ. ಅದರ ಹಿನ್ನೆಲೆಯಲ್ಲಿ ಎರಡೇ ಸ್ವರಮೇಳಗಳು, ಅಂದರೆ ಏಕಕಾಲಕ್ಕೆ ಹೊಮ್ಮುವ ಎರಡೇ ಸ್ವರಗುಚ್ಛಗಳು, ಷಡ್ಜವನ್ನು ಆಧರಿಸಿದ ಒಂದು ಮತ್ತು ಪಂಚಮವನ್ನು ಆಧರಿಸಿದ ಇನ್ನೊಂದು, ಸರದಿಯಂತೆ ಬಂದು ಹೋಗುತ್ತಿರುತ್ತವೆ. ಇಷ್ಟು ಸರಳವಾದ ಸಾಮಗ್ರಿಯನ್ನು ಜರ್ಮನ್ ಪದ್ಧತಿಯಂತೆ ಒಡೆದು, ತುಣುಕುಗಳನ್ನು ಬೆಳೆಸಿ, ಶ್ರುತಿಯಿಂದ ಶ್ರುತಿಗೆ ಒಯ್ದು ದೊಡ್ಡ ಕಟ್ಟಡ ಎಬ್ಬಿಸಲು ಹೊರಟರೆ ಧಾಟಿಯ ಜೀವವೇ ಹೋಗಿಬಿಡುತ್ತದೆ. ಗ್ಲಿಂಕಾ ಆ ದಾರಿ ಹಿಡಿಯಲಿಲ್ಲ. ಗಂಭೀರವಾದ ಹಿತ್ತಾಳೆ ವಾದ್ಯಗಳ ಪೀಠಿಕೆಯ ಬಳಿಕ ಧಾಟಿಯನ್ನು ಮೊದಲು ಮೀಟುವ ಪಿಟೀಲಿಗೂ ಹಾರ್ಪಿಗೂ ಒಪ್ಪಿಸಿ ಗಿಟಾರಿನ ಭ್ರಮೆ ಹುಟ್ಟಿಸಿದ. ಆಮೇಲೆ ಧಾಟಿಯನ್ನು ಹೆಚ್ಚು ಕದಲಿಸದೆ ಅದರ ಸುತ್ತಲಿನ ವಾದ್ಯಗಳನ್ನೂ ನಾದದ ಸಾಂದ್ರತೆಯನ್ನೂ ಎದುರುಧಾಟಿಗಳನ್ನೂ ಬದಲಿಸುತ್ತ ಹೋದ. ಇದನ್ನು ವಿದ್ವಾಂಸರು ಬದಲಾಗುವ ಹಿನ್ನೆಲೆಯ ವಿಧಾನವೆಂದು ಕರೆಯುತ್ತಾರೆ. ಈ ವಿಧಾನದ ಬೀಜ ‘ರೂಸ್ಲಾನ್’ ಆಪೆರಾದ ಪಾರಸಿಕ ಹೆಂಗಳೆಯರ ಮೇಳಗೀತದಲ್ಲೇ ಇತ್ತೆಂಬುದನ್ನು ಮರೆಯಬಾರದು. ಸ್ಪೇನ್ ಅದನ್ನು ಹುಟ್ಟಿಸಲಿಲ್ಲ. ಒಂದು ಆಪೆರಾದ ನಡುವಿನ ಹಾಡಿಗಷ್ಟೇ ಸೀಮಿತವಾಗಿದ್ದ ಉಪಾಯ ಸ್ವತಂತ್ರವಾದ ವಾದ್ಯವೃಂದ ಕೃತಿಯೊಂದನ್ನು ಆದಿಯಿಂದ ಅಂತ್ಯದವರೆಗೆ ಹೊರಬಲ್ಲದು ಎಂಬ ಧೈರ್ಯ ಮಾತ್ರ ಹೋತಾದಿಂದಲೇ ಬಂದಿತು.

1845-46ರ ಚಳಿಗಾಲವನ್ನು ಗ್ಲಿಂಕಾ ಗ್ರನಾಡಾದಲ್ಲಿ ಕಳೆದ. ಅಲ್ಲಿ ಆತನಿಗೆ ಪರಿಚಯವಾದವನು ಎಲ್ ಮುರ್ಸಿಯಾನೊ ಎಂದೇ ಹೆಸರಾದ ಫ್ರಾನ್ಸಿಸ್ಕೊ ರೊಡ್ರಿಗೆಜ್ ಮುರ್ಸಿಯಾನೊ. ಮನೋಧರ್ಮದಿಂದ ಧಾಟಿಯೊಂದನ್ನು ಬಗೆಬಗೆಯಾಗಿ ವಿಸ್ತರಿಸುವುದರಲ್ಲಿ ಅಸಾಧಾರಣನೆನಿಸಿದ್ದ ಗಿಟಾರ್ ವಾದಕ. ಆತನ ನುಡಿಸಾಣಿಕೆಯನ್ನು ಗಂಟೆಗಟ್ಟಲೆ ಕೇಳುತ್ತ ಕುಳಿತ ಗ್ಲಿಂಕಾ ಅದನ್ನು ಸ್ವರಲಿಪಿಗೆ ಇಳಿಸಲು ಹೋಗಿ ಕೈಸೋತನೆಂದು ಸ್ಪೇನಿನ ಸಂಗೀತ ವಿದ್ವಾಂಸ ಫೆಲಿಪೆ ಪೆಡ್ರೆಲ್ ದಾಖಲಿಸಿದ್ದಾನೆ. ಮನೋಧರ್ಮದ ಈ ವಿಸ್ತಾರ ಕಾಗದಕ್ಕೆ ಏಕೆ ಇಳಿಯಲಿಲ್ಲ ಎಂಬುದನ್ನು ಕರ್ನಾಟಕ ಸಂಗೀತ ಬಲ್ಲವರು ಸುಲಭವಾಗಿ ಊಹಿಸಬಲ್ಲರು.

ಗ್ರನಾಡಾ ಇರುವ ಆಂದಲೂಸಿಯಾ ಪ್ರಾಂತ್ಯದ ಗಿಟಾರಿಗೆ ಆಧಾರವಾದ ಸ್ವರಶ್ರೇಣಿಯನ್ನು ಪಾಶ್ಚಾತ್ಯರು ಫ್ರಿಜಿಯನ್ ಎನ್ನುತ್ತಾರೆ. ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದಗಳನ್ನುಳ್ಳ ಈ ಶ್ರೇಣಿ, ಸ್ವರಸ್ಥಾನಗಳ ಮಟ್ಟಿಗೆ, 8ನೆಯ ಮೇಳವಾದ ಹನುಮತೋಡಿಯೇ. ಆದರೆ ಆಂದಲೂಸಿಯಾದ ಹಾಡಿಕೆ ಅಲ್ಲಿಗೇ ನಿಲ್ಲದೆ ಸಾಧಾರಣ ಗಾಂಧಾರದ ಜಾಗದಲ್ಲಿ ಆಗಾಗ ಅಂತರ ಗಾಂಧಾರವನ್ನು ತರುತ್ತದೆ; ಆಗ ಅದು 14ನೆಯ ಮೇಳವಾದ ವಕುಳಾಭರಣದ ಸ್ವರಗಳನ್ನು ತಾಳುತ್ತದೆ. ಮಧ್ಯಮ, ಸಾಧಾರಣ ಗಾಂಧಾರ, ಶುದ್ಧ ರಿಷಭ, ಷಡ್ಜ ಎಂಬ ನಾಲ್ಕು ಸ್ವರಗಳ ಮೇಲೆ ಕಟ್ಟಿದ ನಾಲ್ಕು ಸ್ವರಮೇಳಗಳು ಮೆಟ್ಟಿಲಿಳಿದಂತೆ ಒಂದಾದ ಮೇಲೊಂದು ಬರುತ್ತವೆ; ಇಳಿಯುವಾಗ ಸಾಧಾರಣವಾಗಿದ್ದ ಗಾಂಧಾರ, ಕೊನೆಯ ಷಡ್ಜದ ಸ್ವರಮೇಳದೊಳಗೆ ಅಂತರವಾಗಿ ಮೇಲೇರಿ ನಿಲ್ಲುತ್ತದೆ. ಕೇಳಿದ ತಕ್ಷಣ ಇದು ಸ್ಪೇನ್ ಎಂದು ಯಾರಿಗಾದರೂ ತಿಳಿಯುವುದು ಈ ಒಂದು ತಿರುವಿನಿಂದ. ತೋಡಿಯ ಗಮಕ ಇಲ್ಲಿಲ್ಲ, ವಕುಳಾಭರಣದ ರಾಗಭಾವವೂ ಇಲ್ಲ, ಆದ್ದರಿಂದ ಹೋಲಿಕೆಯನ್ನು ಸ್ವರಸ್ಥಾನಗಳಾಚೆಗೆ ಎಳೆಯಬಾರದು. ಆದರೂ ಎರಡು ಗಾಂಧಾರಗಳ ನಡುವಿನ ಈ ತೊಯ್ದಾಟವನ್ನು ಗ್ರಹಿಸಲು ಜರ್ಮನ್ ಸಂಗೀತದ ಕೇಳುಗನಿಗಿಂತ ಇಲ್ಲಿಯ ಕೇಳುಗನ ಕಿವಿ ಹೆಚ್ಚು ಸಿದ್ಧವಾಗಿದೆ.

1848ರಲ್ಲಿ ವಾರ್ಸಾದಲ್ಲಿದ್ದಾಗ ಗ್ಲಿಂಕಾ ಎರಡು ಕೃತಿಗಳನ್ನು ರಚಿಸಿದ. ಒಂದು ‘ಕಾಸ್ತಿಯಾದ ನೆನಪುಗಳು’. ಸ್ಪೇನಿನಲ್ಲಿ ಕಿವಿಯಾರೆ ಕೇಳಿ ಬರೆದುಕೊಂಡ ಹೋತಾ, ಪುಂತೊ ಮೊರುನೊ, ಲಾ ಮಾಂಚಾದ ಸೆಗಿದಿಯಾ ಕುಣಿತಗಳು ಇದರಲ್ಲಿದ್ದು, 1851ರಲ್ಲಿ ಇದು ಪರಿಷ್ಕಾರಗೊಂಡು ‘ಮ್ಯಾಡ್ರಿಡ್ಡಿನ ಬೇಸಿಗೆಯ ಇರುಳಿನ ನೆನಪು’ ಎಂಬ ಹೆಸರು ಪಡೆಯಿತು. ಇನ್ನೊಂದು ‘ಕಮಾರಿನ್‌ಸ್ಕಯಾ’. ರಷ್ಯದ ಮದುವೆ ಹಾಡೊಂದು ನಿಧಾನವಾಗಿ ಆರಂಭವಾಗಿ, ಅದರ ಬೆನ್ನಿಗೆ ಕಮಾರಿನ್‌ಸ್ಕಯಾ ಎಂಬ ಹಳ್ಳಿಯ ಕುಣಿತ ಬರುತ್ತದೆ. ಕುಣಿತದ ಆ ಪುಟ್ಟ ಪಲ್ಲವಿ ಹತ್ತಾರು ಸಲ ಮರುಕಳಿಸಿದರೂ ಪ್ರತಿ ಸಲವೂ ಹಿನ್ನೆಲೆ ಬೇರೆ, ವಾದ್ಯ ಬೇರೆ, ಬೆಳಕು ಬೇರೆ. ಪಿಟೀಲುಗಳು ಇಲ್ಲಿಯೂ ಮೀಟಲ್ಪಡುತ್ತವೆ, ಆದರೆ ಹೋಲುವುದು ಗಿಟಾರನ್ನಲ್ಲ, ರಷ್ಯದ ಬಲಲೈಕಾವನ್ನು. ಸ್ಪೇನಿನ ಗಿಟಾರಿನ ಸುತ್ತ ಪಳಗಿದ ಕೈ ತನ್ನ ಊರಿನ ವಾದ್ಯದತ್ತ ತಿರುಗಿದ್ದು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ. ಓಕ್ ಮರವಿಡೀ ಅದರ ಬೀಜದೊಳಗೆ ಅಡಗಿರುವಂತೆ ರಷ್ಯದ ಸಿಂಫನಿ ಸಂಪ್ರದಾಯವೆಲ್ಲ ‘ಕಮಾರಿನ್‌ಸ್ಕಯಾ’ದೊಳಗೆ ಅಡಗಿದೆ ಎಂಬ ಭಾವದ ಮಾತನ್ನು ಚೈಕೋವ್‌ಸ್ಕಿ 1888ರಲ್ಲಿ ತನ್ನ ದಿನಚರಿಯಲ್ಲಿ ಬರೆದಿಟ್ಟ. ಆ ಬೀಜಕ್ಕೆ ಮಣ್ಣು ಒದಗಿಸಿದ್ದರಲ್ಲಿ ಅರಗಾನಿನ ಪಾಲೂ ಇತ್ತೆಂಬುದನ್ನು ಆತ ಹೇಳಲಿಲ್ಲವಾದರೂ, 1845, 1848 ಎಂಬ ಎರಡು ವರ್ಷಗಳು ಅದನ್ನು ಹೇಳುತ್ತವೆ.

ಹೊರಗಿನ ಧಾಟಿಯನ್ನು ಸ್ವೀಕರಿಸುವ ಬೇರೊಂದು ಬಗೆ ದಕ್ಷಿಣ ಭಾರತದಲ್ಲೇ ಇತ್ತು. ಗ್ಲಿಂಕಾನಿಗಿಂತ ಒಂದು ತಲೆಮಾರು ಹಿಂದಿನ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಇಂಗ್ಲಿಷ್ ಬ್ಯಾಂಡುಗಳ ಧಾಟಿಗಳನ್ನು ಎತ್ತಿಕೊಂಡು ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಜೋಡಿಸಿ ನೊಟ್ಟುಸ್ವರಗಳೆಂಬ ರಚನೆಗಳನ್ನು ಮಾಡಿದರು. ಅಲ್ಲಿ ಧಾಟಿ ಹೊರಗಿನದು, ಸಾಹಿತ್ಯ ಮತ್ತು ದೇವತೆ ಒಳಗಿನವು; ರಚನೆಗಳು ಮುದ್ದಾಗಿದ್ದರೂ ದೀಕ್ಷಿತರ ಮಹಾಕೃತಿಗಳ ಕಟ್ಟಡಕ್ಕೂ ಅವುಗಳಿಗೂ ನಂಟಿಲ್ಲ. ಗ್ಲಿಂಕಾನಲ್ಲಿ ನಡೆದದ್ದು ಇದಕ್ಕೆ ವ್ಯತಿರಿಕ್ತ: ‘ಕಮಾರಿನ್‌ಸ್ಕಯಾ’ದಲ್ಲಿ ಸ್ಪೇನಿನ ಒಂದು ಸ್ವರವೂ ಇಲ್ಲ, ಆದರೆ ಅದನ್ನು ಕಟ್ಟಿದ ರೀತಿ ಸ್ಪೇನಿನಲ್ಲಿ ಹದಗೊಂಡದ್ದು.

1857ರಲ್ಲಿ ಗ್ಲಿಂಕಾ ತೀರಿಕೊಳ್ಳುವ ಮೊದಲು ತನ್ನ ಸ್ಪ್ಯಾನಿಷ್ ಧಾಟಿಗಳಲ್ಲಿ ಕೆಲವನ್ನು ತರುಣ ರಚನಕಾರ ಬಾಲಾಕಿರೆವ್‌ಗೆ ಕೊಟ್ಟಿದ್ದ; ಬಾಲಾಕಿರೆವ್ ಅವುಗಳಲ್ಲೊಂದರ ಮೇಲೆ ‘ಸ್ಪ್ಯಾನಿಷ್ ಪಥಸಂಚಲನದ ಧಾಟಿಯ ಮೇಲೊಂದು ಓವರ್ಚರ್’ ರಚಿಸಿದ. ರಷ್ಯದ ಇನ್ನೊಬ್ಬ ರಚನಕಾರ ಡಾರ್ಗೊಮಿಜ್‌ಸ್ಕಿ ಪುಷ್ಕಿನ್ನನ ‘ಕಲ್ಲಿನ ಅತಿಥಿ’ಯ ಮಾತುಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ಆಪೆರಾ ಬರೆದ, ಆತನ ಮರಣಾನಂತರ ಕ್ಯೂಯಿ ಅದನ್ನು ಪೂರ್ಣಗೊಳಿಸಿ, ರಿಮ್‌ಸ್ಕಿ-ಕೊರ್ಸಕೋವ್ ವಾದ್ಯವೃಂದಕ್ಕೆ ಅಳವಡಿಸಿ, 1872ರಲ್ಲಿ ಅದು ರಂಗಕ್ಕೆ ಬಂದಿತು. ಅಲ್ಲಿನ ನಟಿ ಲೌರಾ ಹಾಡುವ ಎರಡು ಹಾಡುಗಳಷ್ಟೇ ಸ್ಪೇನಿನ ಛಾಯೆಯವು. ಉಳಿದುದೆಲ್ಲ ರಷ್ಯನ್ ಮಾತಿನ ಏರಿಳಿತವನ್ನು ಹಿಡಿಯುವ ಪ್ರಯೋಗ.

ರಿಮ್‌ಸ್ಕಿ-ಕೊರ್ಸಕೋವನ ‘ಸ್ಪ್ಯಾನಿಷ್ ಕಪ್ರಿಚಿಯೊ’ದ ಬಗ್ಗೆ ಹೆಚ್ಚು ನಿಂತು ನೋಡಬೇಕು. ನೌಕಾಪಡೆಯ ತರುಣ ಅಧಿಕಾರಿಯಾಗಿ ಲೋಕ ಸುತ್ತಿದಾಗ ಸ್ಪೇನಿನ ಬಂದರಿನಲ್ಲಿ ಆತ ಕೆಲವೇ ದಿನ ಕಾಲಿಟ್ಟದ್ದುಂಟು. ಗ್ಲಿಂಕಾನಂತೆ ಅಲ್ಲಿಯ ಜನರೊಡನೆ ಬಾಳಲಿಲ್ಲ. 1887ರ ಈ ಕೃತಿಯ ಧಾಟಿಗಳನ್ನು ಆತ ಆರಿಸಿಕೊಂಡದ್ದು ಹೊಸೆ ಇನ್ಸೆಂಗಾ ಸಂಪಾದಿಸಿದ ಸ್ಪೇನಿನ ಜನಪದ ಗೀತೆಗಳ ಅಚ್ಚಾದ ಸಂಕಲನದಿಂದ. ಮೊದಲು ಪಿಟೀಲು ಮತ್ತು ವಾದ್ಯವೃಂದಕ್ಕೆಂದು ಯೋಚಿಸಿದ್ದ ಕೃತಿ, ಕಡೆಗೆ ಇಡೀ ವಾದ್ಯವೃಂದದ ಪ್ರತಿಭೆಯನ್ನು ಮೆರೆಸುವ ಐದು ಭಾಗಗಳ ರಚನೆಯಾಯಿತು. ನಾಲ್ಕನೆಯ ಭಾಗದಲ್ಲಿ ತಮಟೆಯಂತೆ ಮೊಳಗುವ ಚರ್ಮವಾದ್ಯದ ನಾದದೊಡನೆ ಕೊಂಬು ಕಹಳೆಗಳು ಮೊದಲಾಗಿ, ಆಮೇಲೆ ಪಿಟೀಲು, ಕೊಳಲು, ಕ್ಲಾರಿಯೊನೆಟ್, ಹಾರ್ಪ್ ಹೀಗೆ ಒಂದೊಂದು ವಾದ್ಯವೂ ಲಯದ ಕಟ್ಟಿಲ್ಲದೆ ತನಿಯಾಗಿ ನುಡಿಯುತ್ತದೆ. ಆಮೇಲೆ ಜಿಪ್ಸಿ ಹಾಡು ಭುಗಿಲೆದ್ದಾಗ ಪಿಟೀಲುಗಾರರಿಗೆ ಗಿಟಾರಿನಂತೆ ನುಡಿಸಿರೆಂಬ ಸೂಚನೆಯಿದೆ. ಅಭ್ಯಾಸದ ವೇಳೆಯಲ್ಲೇ ವಾದಕರು ಚಪ್ಪಾಳೆ ತಟ್ಟಿದರಂತೆ; ಆತ ಕೃತಿಯನ್ನು ಆ ವಾದಕರಿಗೇ ಅರ್ಪಿಸಿ ಅವರ ಹೆಸರುಗಳನ್ನು ಅಚ್ಚು ಹಾಕಿಸಿದ.

ಇದು ಚೆನ್ನಾಗಿ ವಾದ್ಯಕ್ಕೆ ಅಳವಡಿಸಿದ ಕೃತಿ ಎಂಬ ಹೊಗಳಿಕೆಯನ್ನು ರಿಮ್‌ಸ್ಕಿ-ಕೊರ್ಸಕೋವ್ ಒಪ್ಪಲಿಲ್ಲ. ವಾದ್ಯಗಳ ನಾದವೇ ಇಲ್ಲಿ ರಚನೆಯ ಸಾರ, ಮೇಲಿಂದ ತೊಡಿಸಿದ ಉಡುಪಲ್ಲ ಎಂಬುದು ಆತ್ಮಕಥೆಯಲ್ಲಿ ಆತ ಮಾಡಿದ ವಾದ. ವಾದ ಸರಿಯಾದದ್ದೇ. ಆದರೂ ಗ್ಲಿಂಕಾನ ಹೋತಾದ ಪಕ್ಕದಲ್ಲಿಟ್ಟು ಕೇಳಿದಾಗ ಒಂದು ವ್ಯತ್ಯಾಸ ಉಳಿಯುತ್ತದೆ: ಕಿರಿಯನ ಕೃತಿ ಹೆಚ್ಚು ಬೆರಗು ಹುಟ್ಟಿಸುತ್ತದೆ, ಹಿರಿಯನ ಕೃತಿ ಹೆಚ್ಚು ನೆಲದ ಮೇಲಿದೆ. ಹಾಡಿದವರ ಮುಖವನ್ನು ಕಂಡವನು ಬರೆದದ್ದಕ್ಕೂ ಪುಟದ ಮೇಲಿನ ಸ್ವರಗಳನ್ನು ಕಂಡವನು ಬರೆದದ್ದಕ್ಕೂ ಇರುವ ಅಂತರ ಅದು, ಮತ್ತು ಅಂಥ ಅಪಾರ ಕೌಶಲವೂ ಆ ಅಂತರವನ್ನು ಪೂರ್ತಿ ಮುಚ್ಚಲಾರದು.

ಬ್ಯಾಲೆಗಳ ವಿಷಯವನ್ನು ಬೇಗ ಮುಗಿಸಬಹುದು. ಗ್ಲಿಂಕಾ ಸ್ಪೇನಿನಲ್ಲಿದ್ದ ಕಾಲಕ್ಕೇ ಮ್ಯಾಡ್ರಿಡ್ಡಿನಲ್ಲಿ ನರ್ತಕನಾಗಿದ್ದ ಮಾರಿಯುಸ್ ಪೆಟಿಪಾ ಬಳಿಕ ಪೀಟರ್ಸ್‌ಬರ್ಗಿಗೆ ಬಂದು ರಷ್ಯದ ಬ್ಯಾಲೆಯನ್ನೇ ರೂಪಿಸಿದ. 1869ರಲ್ಲಿ ಮಾಸ್ಕೋದಲ್ಲಿ ಪ್ರದರ್ಶನಗೊಂಡ ಮಿಂಕುಸ್‌ನ ‘ಡಾನ್ ಕಿಹೋಟೆ’ ಬ್ಯಾಲೆಯ ನೃತ್ಯಸಂಯೋಜನೆ ಪೆಟಿಪಾನದು. ಚೈಕೋವ್‌ಸ್ಕಿಯ ‘ಹಂಸಸರೋವರ’ ಮತ್ತು ‘ನಟ್‌ಕ್ರ್ಯಾಕರ್’ಗಳ ಸ್ಪ್ಯಾನಿಷ್ ಕುಣಿತಗಳು ಆಕರ್ಷಕವಾಗಿದ್ದರೂ ಅವು ಬಣ್ಣವೇ ಹೊರತು ಕಟ್ಟಡವಲ್ಲ.

ಇದಕ್ಕಿಂತ ಮುಖ್ಯವಾದುದು ಸ್ಪೇನಿಗೆ ಮರಳಿ ಹೋದ ಸಾಲ. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ರಿಮ್‌ಸ್ಕಿ-ಕೊರ್ಸಕೋವ್ ರಷ್ಯದ ಸಂಗೀತ ಕಛೇರಿಗಳನ್ನು ನಡೆಸಿಕೊಟ್ಟಾಗ ‘ಸ್ಪ್ಯಾನಿಷ್ ಕಪ್ರಿಚಿಯೊ’ ಫ್ರೆಂಚ್ ಸಂಗೀತಗಾರರ ಕಿವಿಗೆ ಬಿದ್ದಿತು. ಗ್ರನಾಡಾದಲ್ಲಿ 1922ರ ಜೂನ್‌ನಲ್ಲಿ, ಕಾಂತೆ ಹೊಂದೊ ಎಂಬ ಆಂದಲೂಸಿಯಾದ ಪ್ರಾಚೀನ ಹಾಡಿಕೆಯ ಸ್ಪರ್ಧೆಯನ್ನು ಸ್ಪೇನಿನ ರಚನಕಾರ ಮಾನುಯೆಲ್ ದೆ ಫಾಯಾ, ಕವಿ ಲೋರ್ಕಾ ಮೊದಲಾದವರು ಏರ್ಪಡಿಸಿದಾಗ ಫಾಯಾ ಒಂದು ಕಿರುಹೊತ್ತಗೆ ಬರೆದು, ತಮ್ಮ ಊರಿನ ಜನ ಕಡೆಗಣಿಸಿದ್ದ ಈ ಹಾಡಿಕೆಯ ಬೆಲೆಯನ್ನು ಮೊದಲು ಕಂಡವನು ಗ್ಲಿಂಕಾ ಎಂದೂ, ಅದು ರಷ್ಯದ ಮೂಲಕ ಫ್ರಾನ್ಸಿನ ಹೊಸ ಸಂಗೀತಕ್ಕೂ ಹರಿಯಿತೆಂದೂ ವಾದಿಸಿದ. ಕಾಂತೆ ಹೊಂದೊವಿನ ಮೂಲಗಳಲ್ಲಿ ಬೈಜಾಂಟಿಯಂ ಮತ್ತು ಅರಬರ ಜೊತೆಗೆ ಭಾರತದಿಂದ ವಲಸೆ ಹೋದ ಜಿಪ್ಸಿಗಳನ್ನೂ ಆತ ಎಣಿಸಿದ್ದಾನೆ. ಜಿಪ್ಸಿಗಳ ಭಾಷೆಯ ಭಾರತೀಯ ಮೂಲ ನಿರ್ವಿವಾದವಾದರೂ, ಅವರ ಸಂಗೀತದಲ್ಲಿ ಭಾರತದ್ದು ಎಷ್ಟು ಉಳಿದಿದೆಯೆಂಬ ತೀರ್ಮಾನಕ್ಕೆ ಸ್ವರಸ್ಥಾನಗಳ ಹೋಲಿಕೆಯೊಂದೇ ಸಾಲದು.

ಮೈಸೂರಿನ ಎಳೆ ಸೇರುವುದು ನಿಕೊಲಾಯ್ ಮೆಟ್ನರ್‌ನಲ್ಲಿ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ಬಳಿಕ 1921ರಲ್ಲಿ ರಷ್ಯ ತೊರೆದು, 1935ರಿಂದ ಲಂಡನ್ನಿನಲ್ಲಿ ನೆಲಸಿದ ಈ ರಚನಕಾರ, ಪಿಯಾನೊ ಸಂಗೀತದ ಹಳೆಯ ಮರ್ಯಾದೆಗಳನ್ನು ಬಿಡದವನು. ಪುಷ್ಕಿನ್ ಕವಿತೆಗಳಿಗೆ ರಾಗ ಹಾಕಿದ ಆತನ 52ನೆಯ ಕೃತಿಗುಚ್ಛದಲ್ಲಿ ‘ಸ್ಪ್ಯಾನಿಷ್ ರೊಮಾನ್ಸ್’ ಒಂದಿದೆ, ಅದರ ಪಕ್ಕದಲ್ಲೇ ಇನೆಸಿಲ್ಯಾಳ ಕಿಟಕಿಯಡಿಯ ‘ಸೆರೆನಾಡ್’ ಇದೆ. ಅಂದರೆ ಗ್ಲಿಂಕಾ ಸ್ಪೇನಿಗೆ ಹೋಗುವ ಮೊದಲು ಕೈಗೆತ್ತಿಕೊಂಡಿದ್ದ ಅದೇ ಕವಿತೆಗೆ ಸುಮಾರು ಒಂದು ಶತಮಾನದ ಬಳಿಕ, ಮನೆಮಾರು ಕಳೆದುಕೊಂಡ ರಷ್ಯನ್ನನೊಬ್ಬ ಮತ್ತೆ ಸ್ವರ ಕೊಟ್ಟ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಮೆಟ್ನರ್ ಬಡತನದಲ್ಲಿದ್ದ, ಕಾಯಿಲೆಯಲ್ಲಿದ್ದ, ಕೇಳುವವರಿಲ್ಲದೆ ಇದ್ದ.

ಆಗ ನೆರವಿಗೆ ಬಂದವರು ಮೈಸೂರಿನ ಮಹಾರಾಜರಾದ ಜಯಚಾಮರಾಜ ಒಡೆಯರ್. 1919ರಲ್ಲಿ ಹುಟ್ಟಿ 1940ರಲ್ಲಿ ಪಟ್ಟಕ್ಕೆ ಬಂದ ಅವರು ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತವರು, ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳ ದೊಡ್ಡ ಸಂಗ್ರಹವನ್ನು ಅರಮನೆಯಲ್ಲಿ ಇಟ್ಟುಕೊಂಡಿದ್ದವರು. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಅವರ ಆಶ್ರಯ ದೊರಕಿತ್ತು. ಮೆಟ್ನರ್‌ನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಉಳಿಸಬೇಕೆಂದು ಅವರು ಹಣ ಒದಗಿಸಿದ್ದರಿಂದ ಮೂರು ಪಿಯಾನೊ ಕಂಚರ್ಟೊಗಳೂ, ಸೊನಾಟಾಗಳೂ, ಹಾಡುಗಳೂ ಧ್ವನಿಮುದ್ರಣಗೊಂಡು ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಹೊರಬಂದವು. ಹಾಡುಗಾರರ ಜೊತೆ ಪಿಯಾನೊ ನುಡಿಸಿದವನೂ ಮೆಟ್ನರನೇ. ಆತ ತನ್ನ ಮೂರನೆಯ ಕಂಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿ 1951ರಲ್ಲಿ ತೀರಿಕೊಂಡ. ಈ ನೆರವಿಲ್ಲದಿದ್ದರೆ ಆ ಕಂಚರ್ಟೊಗಳನ್ನು ಮೆಟ್ನರ್‌ನ ಬೆರಳುಗಳಿಂದಲೇ ಕೇಳುವ ಭಾಗ್ಯ ಮುಂದಿನವರಿಗೆ ಇರುತ್ತಿರಲಿಲ್ಲ. ಮೈಸೂರು ಸಂಸ್ಥಾನದ ಕಲಾಪೋಷಣೆಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಇನ್ನೂ ಸಿಕ್ಕಿಲ್ಲ.

ಇದೇ 1940ರ ದಶಕದಲ್ಲಿ ಮಹಾರಾಜರು ಸ್ವತಃ ವಾಗ್ಗೇಯಕಾರರಾಗಿ ರೂಪುಗೊಂಡರು. ಶ್ರೀವಿದ್ಯಾ ಎಂಬ ಅಂಕಿತವುಳ್ಳ ಅವರ 94 ಕೃತಿಗಳು ಸಂಸ್ಕೃತದಲ್ಲಿದ್ದು, ಅವುಗಳಲ್ಲಿ ಹಲವು ಅಪೂರ್ವ ರಾಗಗಳಲ್ಲಿವೆ. ಲಂಡನ್ನಿನ ರಷ್ಯನ್ ಪಿಯಾನೊ ವಾದಕನ ಧ್ವನಿಮುದ್ರಿಕೆಗಳಿಗೆ ಕಾಸು ಕೊಟ್ಟವರು ತಮ್ಮ ಕೃತಿಗಳಲ್ಲಿ ಪಾಶ್ಚಾತ್ಯ ಧಾಟಿಯನ್ನು ಬೆರೆಸಲು ಹೋಗದೆ, ಪಲ್ಲವಿ, ಅನುಪಲ್ಲವಿ, ಚರಣಗಳ ಚೌಕಟ್ಟಿನಲ್ಲಿ ರಾಗದ ಶುದ್ಧಿಯನ್ನು ಕಾಪಾಡಿ, ವೀಣೆ ವೆಂಕಟಗಿರಿಯಪ್ಪನವರು, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಒಡನಾಟದಲ್ಲಿ ಶ್ರೀವಿದ್ಯೆಯ ಉಪಾಸನೆಯನ್ನು ಹಾಡಾಗಿಸಿದರು. ಮೆಟ್ನರ್‌ನ ಕಂಚರ್ಟೊ ಮತ್ತು ಈ ಕೃತಿಗಳನ್ನು ಒಂದೇ ಸಂಜೆ ಅಕ್ಕಪಕ್ಕದಲ್ಲಿ ಕೇಳಿಸುವ ಕಛೇರಿಯೊಂದನ್ನು ಮೈಸೂರಿನಲ್ಲಾಗಲಿ ಚಿಕ್ಕಬಳ್ಳಾಪುರದಲ್ಲಾಗಲಿ ಏರ್ಪಡಿಸಿದರೆ, ಒಂದೇ ಮನಸ್ಸು ಎರಡು ಸಂಗೀತಗಳನ್ನು ಕಲಬೆರಕೆ ಮಾಡದೆ ಒಟ್ಟಿಗೆ ಪ್ರೀತಿಸಿದ ಬಗೆ ಕೇಳುಗರ ಕಿವಿಗೇ ನೇರವಾಗಿ ತಿಳಿಯುತ್ತದೆ. ಧ್ವನಿಮುದ್ರಿಕೆಗಳು ಲಭ್ಯವಿವೆ, ಕೃತಿಗಳನ್ನು ಬಲ್ಲ ವಿದ್ವಾಂಸರೂ ಇದ್ದಾರೆ.